ಕೋಲಾರದ ಗಣಿಗಿಳಿದ ಮ್ಯೂಆನ್

ಸಿರಿಗೇರಿಯ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ಅಂಗೈ ಚಾಚಿದರೆ, ಹೆಚ್ಚುಕಡಿಮೆ ಸೆಕೆಂಡಿಗೊಂದು ಮ್ಯೂಆನ್ ಕಣ ಅದನ್ನು ತೂರಿ ನೆಲಕ್ಕಿಳಿಯುತ್ತದೆ. ಹಳೆಯ ಭೌತವಿಜ್ಞಾನದ ಲೆಕ್ಕ ಹಿಡಿದರೆ ಇದು ಆಗಬಾರದ ಸಂಗತಿ. ವಿಶ್ವಕಿರಣಗಳು ಸುಮಾರು 15 ಕಿ.ಮೀ. ಮೇಲೆ ಗಾಳಿಗೆ ಬಡಿದಾಗ ಹುಟ್ಟುವ ಈ ಕಣದ ಸರಾಸರಿ ಆಯುಷ್ಯ 2.2 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಬೆಳಕೇ ಓಡಿದರೂ 660 ಮೀಟರಿಗೆ ನಿಲ್ಲಬೇಕು.

ಎರಡು ಘಟನೆಗಳ ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದು ಅಳೆಯುವವರ ಚಲನೆಯನ್ನು ಅವಲಂಬಿಸಿದೆ ಎಂದು ಐನ್‌ಸ್ಟೈನ್ 1905ರಲ್ಲಿ ಹೇಳಿದ್ದರು. ಮ್ಯೂಆನಿನ ಹುಟ್ಟು, ಸಾವು ಎರಡೂ ಘಟನೆಗಳೇ. ಬೆಳಕಿನ ವೇಗದ ಶೇ 99.97ರಷ್ಟು ವೇಗದಲ್ಲಿ ಬರುವ ಕಣದ ಆಯುಷ್ಯ ನಮ್ಮ ಗಡಿಯಾರದಲ್ಲಿ ಸುಮಾರು 40 ಪಟ್ಟು ಹಿಗ್ಗುತ್ತದೆ. ಕಣವನ್ನೇ ಕೇಳಿದರೆ ಬೇರೆ ಮಾತು: ತನ್ನ ಗಡಿಯಾರ ಸರಿಯಾಗೇ ಇದೆ, ಕುಗ್ಗಿದ್ದು ದಾರಿ. ಅದರ ಪಾಲಿಗೆ 15 ಕಿ.ಮೀ. ಗಾಳಿ 400 ಮೀಟರೂ ಇಲ್ಲ. ಇಬ್ಬರ ಲೆಕ್ಕವೂ ಸರಿ. ಕಣ ನೆಲ ಮುಟ್ಟಿತೆಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ.

ಇಂಥ ಕಣಗಳು ಸಾಯುವ ಪರಿಯಲ್ಲೇ ಐನ್‌ಸ್ಟೈನರ ಮಾತನ್ನು ಪರೀಕ್ಷಿಸಬಹುದೆಂದು 1938ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದವರು ಹೋಮಿ ಭಾಭಾ. ನಮ್ಮಲ್ಲಿ ಭಾಭಾ ಎಂದೊಡನೆ ಅಣುಶಕ್ತಿ ನೆನಪಾಗುತ್ತದೆ, ಈ ಪುಟ್ಟ ಬರಹ ಯಾರಿಗೂ ನೆನಪಾಗುವುದಿಲ್ಲ. 1941ರಲ್ಲಿ ಬ್ರೂನೊ ರೋಸಿ ಮತ್ತು ಡೇವಿಡ್ ಹಾಲ್ ಅಮೆರಿಕದ ಕೊಲೊರಾಡೊದಲ್ಲಿ ಬೆಟ್ಟದ ಮೇಲೂ ಕೆಳಗಿನ ಡೆನ್ವರ್‌ನಲ್ಲೂ ಕಣಗಳನ್ನು ಎಣಿಸಿದರು. ಐನ್‌ಸ್ಟೈನ್ ಹೇಳಿದಂತೆಯೇ, ವೇಗ ಹೆಚ್ಚಿದ್ದ ಕಣಗಳು ದಾರಿಯಲ್ಲಿ ಸತ್ತದ್ದು ಕಡಿಮೆ.

ಆ ಹೊತ್ತಿಗೆ ಭಾಭಾ ಬೆಂಗಳೂರಿನಲ್ಲಿದ್ದರು. 1939ರಲ್ಲಿ ರಜೆಗೆಂದು ಬಂದವರು ಯುದ್ಧ ಶುರುವಾದದ್ದರಿಂದ ಕೇಂಬ್ರಿಜ್‌ಗೆ ಮರಳಲಾಗದೆ, ಜನ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ವಿಶ್ವಕಿರಣ ಘಟಕ ಕಟ್ಟಿದರು. ಅಮೆರಿಕದ ಯುದ್ಧವಿಮಾನಗಳಲ್ಲಿ ಉಪಕರಣವಿಟ್ಟು ಬೆಂಗಳೂರಿನ ನೆತ್ತಿಯ ಮೇಲೆ ಕಣಗಳನ್ನು ಎಣಿಸಿದರು. 1945ರಲ್ಲಿ ಶುರುವಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಮೊದಲ ನೆಲೆಯೂ ಇದೇ ಸಂಸ್ಥೆ; ಟಿಐಎಫ್‌ಆರ್ ಮುಂಬೈಗೆ ಹೋದದ್ದು ಆಮೇಲೆ.

ಆಕಾಶದಲ್ಲಿ ಎಣಿಸಿದ್ದಾಯಿತು, ಪಾತಾಳ ಬಾಕಿಯಿತ್ತು. 1951ರಲ್ಲಿ ಭಾಭಾ ಕೋಲಾರ ಚಿನ್ನದ ಗಣಿಗೆ (ಕೆಜಿಎಫ್) ಕಳಿಸಿದ್ದು ನಂಜನಗೂಡಿನ ತರುಣ ಬಿ.ವಿ. ಶ್ರೀಕಂಠನ್ ಅವರನ್ನು. ಚಾಂಪಿಯನ್ ರೀಫ್ ಗಣಿಯಲ್ಲಿ ಒಂದೊಂದೇ ಮಟ್ಟಕ್ಕೆ ಎಣಿಕೆ ಯಂತ್ರ ಇಳಿಸಿ, ಯಾವ ಆಳಕ್ಕೆ ಎಷ್ಟು ಮ್ಯೂಆನ್ ಮುಟ್ಟುತ್ತದೆಂದು ಅಳೆಯುವ ಕೆಲಸ. ಬಂಡೆ ಪ್ರತಿ ಮೀಟರಿಗೂ ಕಣದ ಶಕ್ತಿ ಹೀರುತ್ತದೆ. 2 ಕಿ.ಮೀ. ಬಂಡೆ ದಾಟಬೇಕಾದರೆ ನೆಲಕ್ಕೆ ಬಂದಾಗಲೇ ಅದರಲ್ಲಿ ಅಪಾರ ಶಕ್ತಿ ಇರಬೇಕು. ಅಂಥ ಕಣದ ಆಯುಷ್ಯ ನಮ್ಮ ಕಣ್ಣಿಗೆ ಸಾವಿರಾರು ಪಟ್ಟು ಹಿಗ್ಗಿರುತ್ತದೆ.

1960ರ ದಶಕದ ಮೊದಲಲ್ಲಿ 2.7 ಕಿ.ಮೀ.ಗೂ ಹೆಚ್ಚಿನ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೂ ಮ್ಯೂಆನ್ ಬರಲಿಲ್ಲ. ಬೇರೆಯವರು ಸೋಲೆನ್ನುತ್ತಿದ್ದ ಆ ಸೊನ್ನೆಯನ್ನು ಟಿಐಎಫ್‌ಆರ್ ವಿಜ್ಞಾನಿಗಳು ಬಂಡವಾಳ ಮಾಡಿಕೊಂಡರು. ಮೇಲಿನ ಗದ್ದಲವಿಲ್ಲದ ಆ ಆಳದಲ್ಲಿ, ಬಂಡೆಗೂ ಅಪರೂಪಕ್ಕಷ್ಟೇ ತಾಗುವ ನ್ಯೂಟ್ರಿನೊ ಎಂಬ ಕಣವನ್ನು ಹುಡುಕಬಹುದಿತ್ತು. 1965ರಲ್ಲಿ 2.3 ಕಿ.ಮೀ. ಆಳದಲ್ಲಿ ಭಾರತ, ಜಪಾನ್, ಬ್ರಿಟನ್‌ಗಳ ತಂಡಕ್ಕೆ ಅದು ಸಿಕ್ಕಿತು. ಸುಳಿವು ಕೊಟ್ಟದ್ದು ಮತ್ತೆ ಮ್ಯೂಆನೇ: ಮೇಲಿನಿಂದ ಇಳಿದದ್ದಲ್ಲ, ನ್ಯೂಟ್ರಿನೊ ಬಡಿದು ಅಲ್ಲೇ ಬಂಡೆಯೊಳಗೆ ಹುಟ್ಟಿ ಯಂತ್ರವನ್ನು ಅಡ್ಡಡ್ಡ ಹಾಯ್ದದ್ದು.