ಪತ್ರಿಕೆಗಳು ಎಣಿಸದ ಮತಗಳು
1967ರ ದಕ್ಷಿಣ ಮುಂಬಯಿ ಚುನಾವಣೆ ಮತ್ತು ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್

ಮುಂಬಯಿ ತುಳು-ಕನ್ನಡಿಗರ ಸಭೆ-ಸಮಾರಂಭಗಳಲ್ಲಿ ರಾಜಕೀಯದ ಮಾತು ಬಂದಾಗಲೆಲ್ಲ ಜಾರ್ಜ್ ಫೆರ್ನಾಂಡಿಸ್ ಅವರ ಹೆಸರು ಅಭಿಮಾನದಿಂದ ಕೇಳಿಬರುತ್ತದೆ. 1974ರ ರೈಲ್ವೆ ಮುಷ್ಕರದ ನಾಯಕರಾಗಿ, ಮುಂದೆ ಕೇಂದ್ರ ಸಚಿವರಾಗಿ ಅವರನ್ನು ದೇಶವೇ ಬಲ್ಲದು. ಆದರೆ 1967ರ ಲೋಕಸಭಾ ಚುನಾವಣೆಗೆ ಮುನ್ನ, ಅವರು ಗೆಲ್ಲಬಲ್ಲ ಅಭ್ಯರ್ಥಿ ಎಂದು ಲೆಕ್ಕಕ್ಕೆ ತೆಗೆದುಕೊಂಡವರು ವಿರಳ. ಆ ಚುನಾವಣೆಯ ಕತೆ ನಮ್ಮ ಸಂಘ-ಸಂಸ್ಥೆಗಳಿಗೂ ನಮ್ಮ ಪತ್ರಿಕೆಗಳಿಗೂ ಇಂದಿಗೂ ಪ್ರಸ್ತುತ.

ದಕ್ಷಿಣ ಮುಂಬಯಿ ಕ್ಷೇತ್ರದಲ್ಲಿ ಎದುರಾಳಿಯಾಗಿದ್ದವರು ಎಸ್. ಕೆ. ಪಾಟೀಲ್. ಮೂರು ಬಾರಿ ಮುಂಬಯಿಯ ಮೇಯರ್ ಆಗಿದ್ದವರು, ಆಗಿನ ರೈಲ್ವೆ ಸಚಿವರು, ಕಾಂಗ್ರೆಸ್‌ನ ಪ್ರಭಾವಿ ಧುರೀಣರು. ಮುಂಬಯಿಯ ಮುಕುಟವಿಲ್ಲದ ರಾಜ ಎಂದೇ ಅವರನ್ನು ಕರೆಯುತ್ತಿದ್ದರು. ತನ್ನನ್ನು ದೇವರು ಕೂಡ ಸೋಲಿಸಲಾರ ಎಂದು ಅವರು ಹೇಳಿದರೆಂಬ ಮಾತು ಆ ಚುನಾವಣೆಯ ನೆನಪಿನೊಂದಿಗೆ ಇಂದಿಗೂ ಉಳಿದಿದೆ.

ಇತ್ತ ಜಾರ್ಜ್ ಅವರದ್ದು ಬೇರೆಯೇ ಹಾದಿ. 1930ರಲ್ಲಿ ಮಂಗಳೂರಿನಲ್ಲಿ ಜನಿಸಿದ ಅವರು ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅಲ್ಲಿಂದ ಹೊರಬಂದು ಊರಿನ ಹೊಟೇಲು ಹಾಗೂ ಸಾರಿಗೆ ಕಾರ್ಮಿಕರನ್ನು ಸಂಘಟಿಸಿದವರು. ಬಳಿಕ ಮುಂಬಯಿಗೆ ಬಂದಾಗ ಮಲಗಲು ಜಾಗವಿಲ್ಲದೆ ಬೀದಿಯಲ್ಲಿ ರಾತ್ರಿ ಕಳೆದದ್ದುಂಟು. ಮುಂಬಯಿಯಲ್ಲಿ ಪತ್ರಿಕೆಯೊಂದರ ಕಚೇರಿಯಲ್ಲಿ ಅವರಿಗೆ ಸಿಕ್ಕ ಕೆಲಸ ಕರಡು ತಿದ್ದುವುದು. ಮಂಗಳೂರಿನವರೇ ಆದ ಬಂದರು ಕಾರ್ಮಿಕ ನಾಯಕ ಪಿ. ಡಿಮೆಲ್ಲೊ ಅವರ ಗರಡಿಯಲ್ಲಿ ಪಳಗಿ, ಟ್ಯಾಕ್ಸಿ ಚಾಲಕರು, ಪಾಲಿಕೆಯ ನೌಕರರು, ಹೊಟೇಲು ಕಾರ್ಮಿಕರ ನಡುವೆ ಬೆಳೆದರು. 1961ರಲ್ಲಿ ಮುಂಬಯಿ ಮಹಾನಗರ ಪಾಲಿಕೆಗೆ ಆಯ್ಕೆಯಾದರು.

ಆಗಿನ ಪ್ರಚಾರದ ಪರಿಸ್ಥಿತಿಯನ್ನೂ ನೆನಪಿಸಿಕೊಳ್ಳಬೇಕು. ಮುಂಬಯಿಗೆ ದೂರದರ್ಶನ ಬಂದದ್ದು 1972ರಲ್ಲಿ. ಆಕಾಶವಾಣಿ ಸರಕಾರದ ಕೈಯಲ್ಲಿತ್ತು. ಉಳಿದದ್ದು ಪತ್ರಿಕೆಗಳು ಮಾತ್ರ. ಆಚಾರ್ಯ ಅತ್ರೆಯವರ 'ಮರಾಠಾ' ಪತ್ರಿಕೆ ಪಾಟೀಲರ ಕಡು ಟೀಕಾಕಾರನಾಗಿತ್ತು ನಿಜ. ಆದರೆ ರಾಜಕೀಯ ವಲಯದ ಲೆಕ್ಕಾಚಾರದಲ್ಲಿ ಪಾಟೀಲರ ಗೆಲುವು ಮೊದಲೇ ಬರೆದಿಟ್ಟದ್ದಾಗಿತ್ತು. ಅದೇ ಚುನಾವಣೆಯಲ್ಲಿ ಈಶಾನ್ಯ ಮುಂಬಯಿಯಿಂದ ವಿ. ಕೆ. ಕೃಷ್ಣ ಮೆನನ್ ಕಣದಲ್ಲಿದ್ದರು. ಹೊರಗಿನವರೆಂಬ ಕಾರಣಕ್ಕೆ ಕಾಂಗ್ರೆಸ್ ಟಿಕೆಟ್ ತಪ್ಪಿ ಪಕ್ಷೇತರರಾಗಿ ನಿಂತ ಮಾಜಿ ರಕ್ಷಣಾ ಸಚಿವರು ಅವರು. ಹೊರಗಿನವರಲ್ಲೂ ಹೆಸರು ಇದ್ದವರು, ಇಲ್ಲದವರು ಎಂಬ ಭೇದ ಇದ್ದೇ ಇರುತ್ತದೆ. ಮೆನನ್ ಸೋತರು. ಸಂಯುಕ್ತ ಸಮಾಜವಾದಿ ಪಕ್ಷದಿಂದ ನಿಂತ ಜಾರ್ಜ್ ಶೇ. 48.5ರಷ್ಟು ಮತ ಪಡೆದು ಪಾಟೀಲರನ್ನು ಸೋಲಿಸಿದರು. 'ದೈತ್ಯ ಸಂಹಾರಿ' ಎಂಬ ಬಿರುದು ಬಂದದ್ದು ಆ ಮೇಲೆ.

ಇದು ಹೇಗೆ ಸಾಧ್ಯವಾಯಿತು? ಪಾಟೀಲರನ್ನು ಸೋಲಿಸುವುದು ನಿಮ್ಮಿಂದ ಸಾಧ್ಯ ಎಂದು ಜಾರ್ಜ್ ಅವರ ಪ್ರಚಾರ ನೇರವಾಗಿ ಮತದಾರರಿಗೆ ಹೇಳಿತು. ಮುಂಬಯಿ ಮಹಾರಾಷ್ಟ್ರಕ್ಕೆ ಸೇರುವುದನ್ನು ವಿರೋಧಿಸಿದ್ದ ಪಾಟೀಲರ ಮೇಲೆ ಮರಾಠಿ ಜನರಿಗೆ ಸಿಟ್ಟೂ ಇತ್ತು. ಆದರೆ ಸಿಟ್ಟು ತಾನಾಗಿ ಮತಗಟ್ಟೆಗೆ ನಡೆದು ಹೋಗುವುದಿಲ್ಲ. ಅದನ್ನು ಕರೆದೊಯ್ಯಲು ಜನ ಬೇಕು. ಜಾರ್ಜ್ ಅವರ ಬಳಿ ಹಲವು ವರ್ಷಗಳ ಯೂನಿಯನ್ ಕೆಲಸದಿಂದ ದೊರೆತ ಅಂಥ ಜನರಿದ್ದರು. ಇಡೀ ಊರು ಸುತ್ತುವ ಟ್ಯಾಕ್ಸಿಯವರು, ಬೆಳಗಾಗುವ ಮುನ್ನ ಬೀದಿಗಿಳಿಯುವ ಪಾಲಿಕೆ ನೌಕರರು ಯಾವ ಪತ್ರಿಕಾಗೋಷ್ಠಿಯಲ್ಲೂ ಕಾಣಿಸುವವರಲ್ಲ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಫೋರ್ಟ್ ಪರಿಸರದ ಕನ್ನಡ ಶಾಲೆಗಳಲ್ಲಿ ಓದುತ್ತಿದ್ದ ನಮ್ಮ ಹುಡುಗರ ಪೈಕಿ ಅನೇಕರಿಗೆ ಮತವೇ ಇರಲಿಲ್ಲ. ಮತದಾನದ ವಯಸ್ಸು ಆಗ 21. ನಾಯಕರ ಮನೆಯ ಬಾಗಿಲಲ್ಲಿ ಸುದ್ದಿ ಕಾಯುವವರಿಗೆ ಈ ಲೋಕ ಗೋಚರಿಸುವುದು ಕಷ್ಟ.

ಗೆಲುವು ಶಾಶ್ವತವಾಗಲಿಲ್ಲ ಎನ್ನುವುದನ್ನೂ ಹೇಳಬೇಕು. 1971ರಲ್ಲಿ ಅದೇ ಕ್ಷೇತ್ರದಲ್ಲಿ ಜಾರ್ಜ್ ಸೋತರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದರು. 2019ರ ಜನವರಿ 29ರಂದು ನಿಧನರಾದರು. 2020ರಲ್ಲಿ ಮರಣೋತ್ತರ ಪದ್ಮವಿಭೂಷಣ ಘೋಷಣೆಯಾಯಿತು. ಆಗ ಅವರು ನಮ್ಮವರೆಂದು ಹೇಳಿಕೊಳ್ಳದವರೇ ಇರಲಿಲ್ಲ.

ಇಲ್ಲಿಯೇ ನಾವು ಯೋಚಿಸಬೇಕಾದದ್ದಿದೆ. ಮುಂಬಯಿ ಮಹಾನಗರ ಪಾಲಿಕೆಯಲ್ಲಿ 227 ವಾರ್ಡುಗಳಿವೆ. ನಮ್ಮವರು ಯಾರಾದರೂ ಅಲ್ಲಿ ಕಣಕ್ಕಿಳಿದರೆ, ದೊಡ್ಡ ಪಕ್ಷದ ಟಿಕೆಟ್ ಇಲ್ಲದಿದ್ದರೆ ಒಂದು ಸಾಲಿನ ಸುದ್ದಿಗೂ ಪರದಾಡಬೇಕಾಗುತ್ತದೆ. ಗೆದ್ದರೆ ಮಾತ್ರ ಶಾಲು, ಫಲಪುಷ್ಪ, ಸನ್ಮಾನ, ಫೋಟೋ. ಇಂಗ್ಲಿಷ್, ಮರಾಠಿ ಪತ್ರಿಕೆಗಳು ಗಮನಿಸಲಿಲ್ಲವೆಂದು ದೂರುವ ನಾವು, ನಮ್ಮದೇ ಪುಟಗಳಲ್ಲಿ, ನಮ್ಮದೇ ವೇದಿಕೆಗಳಲ್ಲಿ ಅದೇ ಉಪೇಕ್ಷೆ ತೋರುತ್ತಿಲ್ಲವೇ?

ಯಾವುದೇ ಪಕ್ಷದ ಪರ ನಿಲ್ಲಬೇಕೆಂದು ಇದರ ಅರ್ಥವಲ್ಲ. ಚುನಾವಣೆಗೆ ಮುನ್ನ ವಾರ್ಡಿನ ಎಲ್ಲ ಅಭ್ಯರ್ಥಿಗಳನ್ನೂ ಸಂಘದ ಸಭಾಗೃಹಕ್ಕೆ ಕರೆದು, ನೀರು, ಶಾಲೆ, ಹೊಟೇಲು ಕಾರ್ಮಿಕರ ವಸತಿಯ ಬಗ್ಗೆ ಪ್ರಶ್ನೆ ಕೇಳಬಹುದು. ಸದಸ್ಯರ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯೇ ಎಂದು ಯುವ ವಿಭಾಗದವರು ನೋಡಬಹುದು. ಅಭ್ಯರ್ಥಿಯ ಹಿಂದೆ ಎಷ್ಟು ಜನ ಸ್ವಂತ ಖರ್ಚಿನಲ್ಲಿ ಓಡಾಡುತ್ತಿದ್ದಾರೆ ಎಂಬುದನ್ನು ಪತ್ರಿಕೆಯವರು ಬೀದಿಗಿಳಿದು ನೋಡಿ ಬರೆಯಬಹುದು. ಫಲಿತಾಂಶ ಏನೇ ಬರಲಿ, ಅಷ್ಟು ಕೆಲಸ ಮತದಾನಕ್ಕೆ ಮುನ್ನವೇ ಆಗಬೇಕು.