ಕಾಲಿಗೆ ಪೆಟ್ಟಾಗಿದೆಯೇ? ವಿಮಾನದ ಸೀಟು ಮೊದಲೇ ಗೊತ್ತುಮಾಡಿಕೊಳ್ಳಿ

ಬುಕ್ಕಾಂಬುಧಿ: ತೋಟದಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ದೂರದ ಮಗಳ ಮನೆಗೆ ಹೊರಟರೆ ಟಿಕೆಟ್‌ಗಿಂತ ದೊಡ್ಡ ಚಿಂತೆ ಕಾಲು ಚಾಚುವ ಜಾಗದ್ದು. 2023ರಲ್ಲಿ ಆರಂಭವಾದ ಶಿವಮೊಗ್ಗ ವಿಮಾನ ನಿಲ್ದಾಣ ಅಜ್ಜಂಪುರ ತಾಲ್ಲೂಕಿನ ಈ ಭಾಗಕ್ಕೆ ಬೆಂಗಳೂರಿಗಿಂತ ಹತ್ತಿರ. ಆದರೆ ಎಲ್ಲಿಂದ ಹೊರಟರೂ ಪೂರ್ವಸಿದ್ಧತೆ ಅಗತ್ಯ.

ಹೆಚ್ಚು ಜಾಗವಿರುವ ತುರ್ತು ನಿರ್ಗಮನ ದ್ವಾರದ ಸಾಲಿಗೆ ಮನಸೋತು ಹಣ ತೆರುವುದು ವ್ಯರ್ಥ. ಅಪಾಯದ ವೇಳೆ ಬಾಗಿಲು ತೆರೆಯಲು ಶಕ್ತರಾದವರಿಗೆ ಮಾತ್ರ ಆ ಸೀಟು. ಗಾಯಾಳುಗಳನ್ನು ಅಲ್ಲಿಂದ ಎಬ್ಬಿಸಲಾಗುತ್ತದೆ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವು ತಾತ್ಕಾಲಿಕವಾಗಿ ನಡೆಯಲಾಗದವರಿಗೂ ಅನ್ವಯಿಸುತ್ತದೆ. ಪ್ರಯಾಣಕ್ಕೆ 48 ಗಂಟೆ ಮೊದಲೇ ವಿಮಾನ ಸಂಸ್ಥೆಗೆ ತಿಳಿಸಿ, ಗಾಲಿಕುರ್ಚಿ ಹಾಗೂ ಸೂಕ್ತ ಸೀಟು ಕೋರಬೇಕು. ‘ಮಂಡಿ ಮಡಚಲಾಗದು’ ಎಂಬುದನ್ನು ಸ್ಪಷ್ಟವಾಗಿ ಹೇಳುವುದು ಮುಖ್ಯ.

ಆರು ಸೀಟುಗಳ ಸಾಲಿನಲ್ಲಿ ಬಲಗಾಲಿಗೆ ಪೆಟ್ಟಾದವರಿಗೆ ‘ಸಿ’, ಎಡಗಾಲಿಗೆ ‘ಡಿ’ ಅನುಕೂಲ. ನೋವಿನ ಕಾಲು ನಡುದಾರಿಯ ಕಡೆಗಿರುತ್ತದೆ. ಆದರೆ ದಾರಿಗೆ ಅಡ್ಡವಾಗಿ ಕಾಲು ಚಾಚುವಂತಿಲ್ಲ. ಕಾಲು ಸ್ವಲ್ಪವೂ ಮಡಚಲಾಗದಿದ್ದರೆ ಹೆಚ್ಚುವರಿ ಸೀಟು ಕೊಳ್ಳಬೇಕಾಗಬಹುದು. ಅಮೆರಿಕಕ್ಕೆ ಹೋಗಿಬರುವ ವಿಮಾನಗಳಲ್ಲಿ, ಕಾಲು ಮಡಚಲಾಗದವರಿಗೆ ಅದೇ ದರ್ಜೆಯಲ್ಲಿ ಹೆಚ್ಚು ಜಾಗದ ಸೀಟು ನೀಡಬೇಕೆಂಬ ನಿಯಮ ಆ ದೇಶದಲ್ಲಿದೆ.

ಹೊಸ ಪ್ಲಾಸ್ಟರ್‌ನೊಳಗೆ ಕಾಲು ಬಾತುಕೊಳ್ಳುವ ಭಯವಿರುವುದರಿಂದ ಸಾಮಾನ್ಯವಾಗಿ 24ರಿಂದ 48 ಗಂಟೆ ಕಾಯುವಂತೆ ಸೂಚಿಸಲಾಗುತ್ತದೆ. ದೀರ್ಘಕಾಲ ಅಲುಗಾಡದೆ ಕುಳಿತರೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ಆದ್ದರಿಂದ ಸೀಟಿಗೂ ಮುನ್ನ ವೈದ್ಯರ ಒಪ್ಪಿಗೆ ಪತ್ರ ಪಡೆಯುವುದು ಲೇಸು.