ಮಳೆಯ ಸೀಮೆಯಲ್ಲಿ ಬೇಸ್ ಗಿಟಾರ್: ತಂತಿ ಝರ್ರೆನ್ನುವುದೇಕೆ?

ತೀರ್ಥಹಳ್ಳಿಯ ಸೀಮೆಯಲ್ಲಿ, ಯು. ಆರ್. ಅನಂತಮೂರ್ತಿಯವರು 1932ರಲ್ಲಿ ಜನಿಸಿದ ಊರೆಂದು ಸಾಹಿತ್ಯಪ್ರಿಯರು ಬಲ್ಲ ಮೇಳಿಗೆಯಲ್ಲಿ, ಸುಗಮಸಂಗೀತದ ತಂಡದಲ್ಲಿಯೋ ಊರಿನ ರಸಮಂಜರಿಯ ವೇದಿಕೆಯ ಮೇಲೆಯೋ ನುಡಿಸಬೇಕೆಂಬ ಹಂಬಲವುಳ್ಳ ತರುಣನೊಬ್ಬನು, ಅಡಕೆಯ ಕೊಯ್ಲಿನ ಕಾಲದಲ್ಲಿ ದುಡಿದು ಕೂಡಿಟ್ಟ ಹಣವನ್ನು ವೆಚ್ಚಮಾಡಿ, ಮಳೆಗಾಲದ ನಡುವೆ ಹೊಸ ಬೇಸ್ ಗಿಟಾರೊಂದನ್ನು ತರಿಸಿಕೊಂಡನೆಂದು ಭಾವಿಸೋಣ. ಪೆಟ್ಟಿಗೆಯನ್ನು ಬಿಚ್ಚಿ, ವಾದ್ಯವನ್ನು ತೊಡೆಯ ಮೇಲಿರಿಸಿಕೊಂಡು, ಅತ್ಯಂತ ದಪ್ಪನಾದ ತಂತಿಯನ್ನು ಬೆರಳಿನಿಂದ ಮೀಟಿದಾಗ, ತಾನು ನಿರೀಕ್ಷಿಸಿದ್ದ ಆ ಗಂಭೀರ ಮಂದ್ರಧ್ವನಿಯೊಡನೆ, ಕಬ್ಬಿಣಕ್ಕೆ ಕಬ್ಬಿಣ ತಾಗಿದಂತಹ ಝರ್ರೆಂಬ ಒಂದು ಕರ್ಕಶ ಸದ್ದೂ ಅವನ ಕಿವಿಗೆ ಬೀಳುತ್ತದೆ. ಅಂಗಡಿಯವನು ದೋಷಯುಕ್ತವಾದ ಸರಕನ್ನು ಕಳುಹಿದನೆಂಬುದು ಅವನ ಮನಸ್ಸಿಗೆ ಮೊದಲು ಹೊಳೆಯುವ ಯೋಚನೆ. ತನ್ನ ಕೈಯೇ ಈ ವಿದ್ಯೆಗೆ ತಕ್ಕುದಲ್ಲವೆಂಬುದು ಎರಡನೆಯದು. ಇವೆರಡೂ ಅವಸರದ ತೀರ್ಪುಗಳೆಂದು ನನ್ನ ದೃಢವಾದ ಅಭಿಪ್ರಾಯ. ಹೊಸ ವಾದ್ಯದ ಈ ಸದ್ದಿಗೆ ಬಹುಪಾಲು ಸಂದರ್ಭಗಳಲ್ಲಿ ಕಾರಣವಾಗಿರುವುದು ಒಂದು ಮಿಲಿಮೀಟರಿನ ಅಲ್ಪಭಾಗದಷ್ಟು ಅಂತರದ ವ್ಯತ್ಯಾಸ. ಆ ಅಂತರವು ಎಲ್ಲಿ ತಪ್ಪಿದೆಯೆಂಬುದನ್ನು ಸದ್ದು ಹುಟ್ಟುವ ಸ್ಥಾನವೇ ತಿಳಿಸುತ್ತದೆ.

ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ತನ್ನ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದಾಗ, ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುತ್ತಿದ್ದ ವಾದಕರಿಗೆ ಹೆಗಲಿಗೆ ತಗುಲಿಸಿಕೊಳ್ಳಬಹುದಾದ, ಸ್ವರಸ್ಥಾನಗಳನ್ನು ಲೋಹದ ಫ್ರೆಟ್ಟುಗಳು ಖಚಿತವಾಗಿ ಗುರುತಿಸಿದ ಸಾಧನವೊಂದು ದೊರೆಯಿತು. ಅದರ ತಂತಿಯ ಕಂಪಿಸುವ ಭಾಗದ ಉದ್ದ 34 ಅಂಗುಲ; ಇಂದಿಗೂ ಬಹುಸಂಖ್ಯೆಯ ಬೇಸ್ ಗಿಟಾರುಗಳು ಅದೇ ಅಳತೆಯನ್ನು ಅನುಸರಿಸುತ್ತವೆ. ನಾಲ್ಕು ತಂತಿಗಳಲ್ಲಿ ಅತ್ಯಂತ ಕೆಳಸ್ತರದ್ದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಇಷ್ಟು ದಪ್ಪನಾದ, ಇಷ್ಟು ನಿಧಾನವಾಗಿ ಕಂಪಿಸುವ ತಂತಿಯ ಓಲಾಟವು ವಿಸ್ತಾರವಾಗಿರುವುದು ಸಹಜವೇ ಸರಿ. ಆದರೆ ಅದಕ್ಕೂ ಕೆಳಗಿನ ಫ್ರೆಟ್ಟುಗಳಿಗೂ ನಡುವೆ ಇರುವ ಅವಕಾಶವೋ ಎರಡು ಮಿಲಿಮೀಟರಿನ ಆಸುಪಾಸು. ತಂತಿಯನ್ನು ಇನ್ನೂ ಎತ್ತರಿಸಿದರೆ ಒತ್ತುವ ಬೆರಳು ನೋಯುತ್ತದೆ, ಸ್ವರವೂ ಎಳೆದಂತಾಗಿ ಏರುತ್ತದೆ. ತಗ್ಗಿಸಿದರೆ ಓಲಾಡುವ ತಂತಿಯು ಮುಂದಿನ ಫ್ರೆಟ್ಟುಗಳ ನೆತ್ತಿಯನ್ನು ಸವರಿ ಝರ್ರೆನ್ನುತ್ತದೆ.

ತಂತಿಯು ಹೀಗೆ ಸವರುವುದನ್ನು ದೋಷವೆಂದು ಮಾತ್ರ ಎಣಿಸುವುದು ನಮ್ಮ ನಾಡಿನ ಸಂಗೀತವನ್ನು ಬಲ್ಲವರಿಗೆ ಸಲ್ಲದು. ತಂಬೂರಿಯ ಅಗಲವಾದ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ನೂಲಿನ ಎಳೆಯೊಂದನ್ನು ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಸರಿಸುತ್ತ, ಜೀವಾಳಿ ಕೂಡಿತೇ ಇಲ್ಲವೇ ಎಂದು ಕಿವಿಗೊಡುವ ಗಾಯಕನು ಅರಸುತ್ತಿರುವುದು ಇದೇ ಸವರುವಿಕೆಯನ್ನು. ಹಿಂದುಸ್ತಾನಿ ಸಂಗೀತವು ಬೇರೂರಿದ ಉತ್ತರ ಕರ್ನಾಟಕದಲ್ಲಿಯೂ, ತಂಬೂರಿ ಸಿತಾರುಗಳ ತಯಾರಿಕೆಗೆ ಹೆಸರಾದ ನೆರೆಯ ಮೀರಜಿನಲ್ಲಿಯೂ ಕುಶಲಿಗಳು ಕುದುರೆಯ ಮೈಯನ್ನು ಅರದಿಂದ ಉಜ್ಜಿ ಜವಾರಿ ತೆಗೆಯುವುದೂ ಇದಕ್ಕಾಗಿಯೇ. ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದು ನೆಲಸಿದ ಸಿ. ವಿ. ರಾಮನ್ನರು, ಕಲ್ಕತ್ತೆಯಲ್ಲಿದ್ದ ಕಾಲದಲ್ಲಿ, 1921ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ವಿಷಯವನ್ನು ವಿಚಾರಮಾಡಿದ್ದಾರೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವೆಂಬುದು ಯುರೋಪಿನ ವಿದ್ವಾಂಸರು ಒಪ್ಪಿದ್ದ ನಿಯಮ. ತಂಬೂರಿ ವೀಣೆಗಳಲ್ಲಿ ಅವೂ ಪುಷ್ಕಲವಾಗಿ ಕೇಳಿಬರುವುದನ್ನು, ಕುದುರೆಯ ವಿಶಿಷ್ಟ ರಚನೆಯೇ ಅದಕ್ಕೆ ಹೇತುವೆಂಬುದನ್ನು ಅವರು ತೋರಿಸಿಕೊಟ್ಟರು. ತಂಬೂರಿಯಲ್ಲಿ ತಂತಿಯು ಸವರುವುದು ಕುಶಲಿಯು ಗೊತ್ತುಮಾಡಿದ ಸ್ಥಾನದಲ್ಲಿ, ಅವನು ಗೊತ್ತುಮಾಡಿದಷ್ಟೇ. ಆದುದರಿಂದ ಅಲ್ಲಿ ನಾದವು ಸಮೃದ್ಧವಾಗುತ್ತದೆ. ಬೇಸ್ ಗಿಟಾರಿನಲ್ಲಿ ಅದು ಯಾರೂ ಬಯಸದ ಫ್ರೆಟ್ಟಿನ ಮೇಲೆ ನಡೆದು ತಂತಿಯ ಶಕ್ತಿಯನ್ನು ಹೀರುವುದರಿಂದ ಸ್ವರವು ಬೇಗನೆ ಉಡುಗಿಹೋಗುತ್ತದೆ. ಪಾಶ್ಚಾತ್ಯರಲ್ಲಿಯೂ ಇದರ ರುಚಿ ಬಲ್ಲವರಿಲ್ಲದೆ ಇಲ್ಲ: ಫ್ರೆಟ್ಟುಗಳಿಲ್ಲದ ಬೇಸಿನಲ್ಲಿ ತಂತಿಯು ಮರದ ಹಲಗೆಯನ್ನು ಸವರಿ ಹೊರಡಿಸುವ ಹಾಡುವ ಧ್ವನಿಗೆ ಜಾಕೋ ಪಾಸ್ಟೋರಿಯಸ್ ಲೋಕಪ್ರಸಿದ್ಧನಾದನು.

ಇನ್ನು ಪರೀಕ್ಷೆಯ ಕ್ರಮ. ಧ್ವನಿವರ್ಧಕಕ್ಕೆ ಜೋಡಿಸಿದಾಗ ಮಾತ್ರ, ತಂತಿಯನ್ನು ಮೀಟದಿದ್ದರೂ ಎಡೆಬಿಡದೆ ಕೇಳಿಬರುವ ಗುಯ್ಯೆಂಬ ಸದ್ದು ತಂತಿಯದಲ್ಲ, ವಿದ್ಯುತ್ತಿನದು. ತಂತಿಯನ್ನು ಕೈಯಿಂದ ಮುಟ್ಟಿದೊಡನೆ ಅದು ಇಳಿಯುವುದಾದರೆ ಮನೆಯ ಅರ್ತಿಂಗ್, ಕೇಬಲ್, ವಾದ್ಯದೊಳಗಿನ ಬೆಸುಗೆ ಇವುಗಳನ್ನು ಶೋಧಿಸಬೇಕು. ಹಾಗೆ ಮುಟ್ಟಿದಾಗ ಬೆರಳಿಗೆ ಕಿಂಚಿತ್ತಾದರೂ ಜುಮ್ಮೆಂದರೆ ಆ ಕ್ಷಣವೇ ಪ್ಲಗ್ಗನ್ನು ಕಿತ್ತು ಎಲೆಕ್ಟ್ರಿಷಿಯನ್ನನನ್ನು ಕರೆಸತಕ್ಕದ್ದು. ನೆನೆದ ನೆಲದ ಹಳೆಯ ಮನೆಗಳಲ್ಲಿ ಇದು ಪ್ರಾಣದ ಪ್ರಶ್ನೆ. ಎರಡನೆಯದಾಗಿ, ಮಂದ್ರಸ್ವರಗಳು ಕೋಣೆಯ ವಸ್ತುಗಳನ್ನೆಲ್ಲ ನಡುಗಿಸುತ್ತವೆ. ಮಾಡಿನ ತಗಡು, ಕಿಟಕಿಯ ಗಾಜು, ಕಪಾಟಿನ ಸ್ಟೀಲು ಪಾತ್ರೆಗಳು ಜೊತೆಗೂಡಿ ಝಣತ್ಕರಿಸುವುದನ್ನು ವಾದ್ಯದ ತಲೆಗೆ ಕಟ್ಟಬಾರದು. ಬಿರಡೆಗಳ ತಿರುಪು, ಪಿಕಪ್ಪಿನ ಸ್ಪ್ರಿಂಗು, ಪಟ್ಟಿಯ ಗುಂಡಿ ಸಡಿಲವಾಗಿದ್ದರೂ ಇಂಥದೇ ಸದ್ದು ಬರುವುದರಿಂದ, ಒಬ್ಬರು ಮೀಟುತ್ತಿರುವಾಗ ಮತ್ತೊಬ್ಬರು ಇವುಗಳನ್ನು ಒಂದೊಂದಾಗಿ ಒತ್ತಿಹಿಡಿದು ನೋಡುವುದು ಲೇಸು.

ಇವೆಲ್ಲವೂ ಸರಿಯಾಗಿದ್ದು ಸದ್ದು ತಂತಿಯದೇ ಎಂದು ನಿಶ್ಚಯವಾದ ಮೇಲೂ ತಿರುಪುಳಿಗೆ ಕೈಹಾಕಲಾಗದು. ನಾಲ್ಕು ತಂತಿಗಳೂ ಶ್ರುತಿಗೆ ಏರಿದಾಗ ವಾದ್ಯದ ಕೊರಳನ್ನು ಒಟ್ಟು ಸುಮಾರು 80 ಕಿಲೋಗ್ರಾಂ ಭಾರದಷ್ಟು ಬಲದಿಂದ ಜಗ್ಗುತ್ತವೆ. ಪ್ರಯಾಣದಲ್ಲಿ ತಂತಿಗಳು ಸಡಿಲಗೊಂಡ ವಾದ್ಯದಲ್ಲಿ ಈ ಜಗ್ಗು ಕುಗ್ಗಿ, ಅದಕ್ಕೆ ಎದುರಾಗಿ ಒಳಗಿನ ಉಕ್ಕಿನ ಸರಳು ಕೊರಳನ್ನು ಹಿಂದಕ್ಕೆ ಬಾಗಿಸಿರುವುದುಂಟು. ಆದಕಾರಣ ಮೊದಲು ಶ್ರುತಿಮಾಡಿ, ಒಂದೆರಡು ದಿನ ಹಾಗೆಯೇ ಬಿಟ್ಟು, ಮತ್ತೆ ಶ್ರುತಿ ನೋಡಿಕೊಂಡು, ಅನಂತರವೇ ತೀರ್ಮಾನಿಸಬೇಕು. ಅನೇಕ ಹೊಸ ವಾದ್ಯಗಳು ಇಷ್ಟರಿಂದಲೇ ತಮ್ಮ ಸ್ವಭಾವಕ್ಕೆ ಮರಳುತ್ತವೆ.

ಆ ಬಳಿಕವೂ ಸದ್ದು ಉಳಿದರೆ, ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಫ್ರೆಟ್ಟಿನಲ್ಲಿಯೂ ಒತ್ತಿ, ಸಮಬಲದಿಂದ ಮೀಟಿ, ಎಲ್ಲೆಲ್ಲಿ ಝರ್ರೆನ್ನುವುದೆಂಬುದನ್ನು ಕಾಗದದಲ್ಲಿ ಗುರುತುಹಾಕಿಕೊಳ್ಳುವ ತಾಳ್ಮೆ ಬೇಕು. ಎಲ್ಲಿಯೂ ಒತ್ತದೆ ಬಿಡಿಯಾಗಿ ಮೀಟಿದಾಗ ಮಾತ್ರ ಸದ್ದು ಕೇಳಿ, ಮೊದಲ ಫ್ರೆಟ್ಟನ್ನು ಒತ್ತಿದೊಡನೆ ಮಾಯವಾಗುವುದಾದರೆ, ತಂತಿಯು ತಲೆಯ ಬಳಿ ಹಾದುಹೋಗುವ ನಟ್ ಎಂಬ ಪಟ್ಟಿಯ ಕಚ್ಚು ಅತಿಯಾಗಿ ಆಳವಾಗಿದೆಯೆಂದು ಅರ್ಥ. ಮೂರನೆಯ ಫ್ರೆಟ್ಟಿನಲ್ಲಿ ಒತ್ತಿಹಿಡಿದಾಗ ಮೊದಲನೆಯದರ ಮೇಲೆ ಬೆಳಕು ಹಾಯುವಷ್ಟಾದರೂ ಸಂದು ಕಾಣಬೇಕು. ನಟ್ ಬದಲಾಯಿಸುವುದು ಬಲ್ಲವರ ಕೆಲಸ. ಒಂದರಿಂದ ಐದರವರೆಗಿನ ಫ್ರೆಟ್ಟುಗಳಲ್ಲಿ ಸದ್ದು ಹೆಚ್ಚಾಗಿದ್ದು ಮೇಲಕ್ಕೆ ಹೋದಂತೆ ತಿಳಿಯಾಗುವುದಾದರೆ, ಕೊರಳು ತೀರ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಹನ್ನೆರಡನೆಯದರಿಂದಾಚೆಗೆ ಸದ್ದು ಬರುವುದಾದರೆ ಒಂದೋ ತಂತಿಯ ಇನ್ನೊಂದು ತುದಿಯನ್ನು ಹೊತ್ತಿರುವ ಬ್ರಿಜ್ಜಿನ ಸ್ಯಾಡಲುಗಳು ತಗ್ಗಾಗಿವೆ, ಇಲ್ಲವೇ ಕೊರಳು ಮುಂದಕ್ಕೆ ಅತಿಯಾಗಿ ಬಾಗಿ ಮೇಲಿನ ಫ್ರೆಟ್ಟುಗಳು ತಂತಿಯತ್ತ ಏರಿವೆ.

ಕೊರಳು ಸರಳರೇಖೆಯಂತೆ ಇರಬೇಕೆಂದು ಸಾಮಾನ್ಯ ಬುದ್ಧಿಗೆ ತೋರುವುದು ಸಹಜ. ಆದರೆ ಕಂಪಿಸುವ ತಂತಿಯ ಓಲಾಟವು ನಡುವಿನಲ್ಲಿ ಹೆಚ್ಚು, ತುದಿಗಳಲ್ಲಿ ಕಡಿಮೆ. ಅದಕ್ಕೆ ಎಡೆಗೊಡಲು ಕೊರಳು ನಾಣೇರಿಸಿದ ಬಿಲ್ಲಿನಂತೆ, ಆದರೆ ಕಣ್ಣಿಗೆ ತೋರದಷ್ಟು ಅಲ್ಪವಾಗಿ, ಬಾಗಿರಬೇಕು. ತಂತಿಯನ್ನು ಮೊದಲನೆಯ ಫ್ರೆಟ್ಟಿನಲ್ಲಿಯೂ ಕೊನೆಯದರಲ್ಲಿಯೂ ಏಕಕಾಲದಲ್ಲಿ ಒತ್ತಿಹಿಡಿದಾಗ ಏಳನೆಯ ಇಲ್ಲವೇ ಎಂಟನೆಯ ಫ್ರೆಟ್ಟಿಗೂ ತಂತಿಗೂ ನಡುವೆ ಸುಮಾರು 0.3 ಮಿಲಿಮೀಟರ್, ಎಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಸಂದು ಇರಬೇಕೆಂಬುದು ವಾಡಿಕೆಯ ಅಳತೆ. ಈ ಬಾಗನ್ನು ಅಂಕೆಯಲ್ಲಿಡುವುದು ಕೊರಳಿನೊಳಗೆ ಹುದುಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು. ಗಿಬ್ಸನ್ ಕಾರ್ಖಾನೆಯ ನೌಕರನಾಗಿದ್ದ ಥಾಡಿಯಸ್ ಮ್ಯಾಕ್‌ಹ್ಯೂ ಇದರ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದು, ರಾಮನ್ನರ ಪ್ರಬಂಧವು ಬೆಳಕು ಕಂಡ 1921ರಲ್ಲಿಯೇ. ಸರಳಿನ ತುದಿಯನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ಕೊರಳು ನೇರವಾಗುತ್ತದೆ. ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಾಗು ಹೆಚ್ಚುತ್ತದೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಕೂಡದು. ಪ್ರತಿಸಲವೂ ಮತ್ತೆ ಶ್ರುತಿಮಾಡಿ, ಅಳೆದು, ಮರವು ಹೊಂದಿಕೊಳ್ಳುವವರೆಗೆ ಕಾಯಬೇಕು. ತಿರುಪು ಹಟಮಾರಿಯಾಗಿ ನಿಂತರೆ ಬಲಪ್ರಯೋಗ ಸರ್ವಥಾ ನಿಷಿದ್ಧ. ಮುರಿದ ಸರಳನ್ನು ಸರಿಪಡಿಸುವ ವೆಚ್ಚದಲ್ಲಿ ಹೊಸ ವಾದ್ಯವನ್ನೇ ಕೊಳ್ಳಬಹುದು. ಕೊರಳು ಸರಿಯಾದ ತರುವಾಯವಷ್ಟೇ ಸ್ಯಾಡಲುಗಳನ್ನು ಅಲೆನ್ ಕೀಲಿಯಿಂದ ಏರಿಸಬೇಕು: ಹದಿನೇಳನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿಗೆ ಸುಮಾರು 2.4 ಮಿಲಿಮೀಟರ್, ತೆಳು ತಂತಿಗೆ 2 ಮಿಲಿಮೀಟರ್ ಎತ್ತರವು ಆರಂಭಕ್ಕೆ ಯೋಗ್ಯ. ಈ ಕ್ರಮವನ್ನು ತಲೆಕೆಳಗು ಮಾಡಿ, ಕೊರಳನ್ನು ನೋಡದೆಯೇ ಸ್ಯಾಡಲುಗಳನ್ನು ಎತ್ತರಿಸುವವರು ಹೇರಳವಾಗಿದ್ದಾರೆ. ಅವರ ವಾದ್ಯಗಳು ಸದ್ದನ್ನು ನಿಲ್ಲಿಸುತ್ತವೆ, ಆದರೆ ನುಡಿಸುವುದೇ ಒಂದು ಶಿಕ್ಷೆಯಾಗುತ್ತದೆ.

ಮಲೆನಾಡಿನ ವಾದಕನಿಗೆ ಈ ಭಾಗವು ವಿಶೇಷವಾಗಿ ಸಲ್ಲುತ್ತದೆ. ಮೇಳಿಗೆಯಿರುವ ತಾಲ್ಲೂಕಿನಲ್ಲಿಯೇ ಇರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗದ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುವ ಈ ಸೀಮೆಯ ಗಾಳಿಯನ್ನು ಮರವು ಕುಡಿಯದೆ ಇರುವುದೆಂತು? ಕೊರಳು ಸಾಮಾನ್ಯವಾಗಿ ಮೇಪಲ್ ಮರದ್ದು, ಅದರ ಮೇಲಿನ ಹಲಗೆ ಅನೇಕ ವೇಳೆ ಬೀಟೆಯದು; ಎರಡು ಜಾತಿಯ ಮರಗಳು ತೇವವನ್ನು ಹೀರಿ ಹಿಗ್ಗುವ ಪ್ರಮಾಣ ಒಂದೇ ಅಲ್ಲವಾದುದರಿಂದ, ಒಂದಕ್ಕೊಂದು ಅಂಟಿಕೊಂಡ ಅವು ಋತು ಬದಲಾದಾಗ ಬಾಗುತ್ತವೆ. ಬೇಸಗೆಯಲ್ಲಿ ಹಲಗೆಯು ಕುಗ್ಗಿ ಫ್ರೆಟ್ಟುಗಳ ತುದಿಗಳು ಅಂಗೈಗೆ ಚುಚ್ಚುವುದೂ ಇದರ ಇನ್ನೊಂದು ಮುಖ. ವಾದ್ಯವನ್ನು ನೀರಿಳಿಯುವ ಗೋಡೆಗೆ ಒರಗಿಸುವುದು, ಅಡಕೆ ಒಣಗಿಸುವ ಅಟ್ಟದ ಬಿಸಿಯಲ್ಲಿಡುವುದು, ಶಾಖ ತಗುಲಲೆಂದು ಅಂಗಳದ ಬಿಸಿಲಿಗೆ ಹಿಡಿಯುವುದು, ಈ ಮೂರೂ ಸಮಾನವಾಗಿ ಹಾನಿಕರ. ಮುಚ್ಚಿದ ಪೆಟ್ಟಿಗೆ, ಅದರೊಳಗೆ ಆಗಾಗ ಬದಲಾಯಿಸುವ ಸಿಲಿಕಾ ಜೆಲ್ಲಿನ ಪೊಟ್ಟಣಗಳು, ಮನೆಯ ಒಳಕೋಣೆ, ಇವು ಸಾಕು.

ಒಂದೇ ಒಂದು ಫ್ರೆಟ್ಟಿನಲ್ಲಿ ಮಾತ್ರ ಸದ್ದು ಬರುವುದು ಬೇರೆಯೇ ಪ್ರಕರಣ: ಅದರ ಮುಂದಿನ ಫ್ರೆಟ್ಟು ತನ್ನ ಕಚ್ಚಿನಿಂದ ಮೇಲೆದ್ದಿದೆ. ಮೂರು ಫ್ರೆಟ್ಟುಗಳನ್ನು ಮಾತ್ರ ಮುಟ್ಟುವಷ್ಟು ಉದ್ದದ ನೇರವಾದ ಉಕ್ಕಿನ ಪಟ್ಟಿಯನ್ನು ಅವುಗಳ ಮೇಲಿಟ್ಟಾಗ ಅದು ತೊನೆದಾಡಿದರೆ ನಡುವಿನದು ಎತ್ತರವಾಗಿದೆಯೆಂದು ಸಿದ್ಧವಾಯಿತು. ವೀಣೆಯಲ್ಲಿ ಇಂಥ ತೊಡಕು ಒದಗಿದರೆ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಂತಹ ಊರುಗಳಲ್ಲಿ ಹಲಸಿನ ಮರದಿಂದ ವೀಣೆ ಕಡೆಯುವ ಕುಶಲಿಗಳಿಗೆ ಉಪಾಯವು ಸುಲಭ. ಅಲ್ಲಿ 24 ಮೆಟ್ಟಿಲುಗಳೂ ಕೂತಿರುವುದು ಮೇಣದ ಮೇಲಾದ್ದರಿಂದ, ಮೇಣವನ್ನು ಬಿಸಿಮಾಡಿ ಮೆಟ್ಟಿಲನ್ನು ಒತ್ತಿ, ಕಿವಿಯ ಸಾಕ್ಷಿಯಿಂದ ಮೇಳವನ್ನು ಮತ್ತೆ ಕಟ್ಟಬಹುದು. ಗಿಟಾರಿನ ಫ್ರೆಟ್ಟನ್ನಾದರೋ ಮರಕ್ಕೆ ಬಡಿದು ಕೂರಿಸಿರುತ್ತಾರೆ; ಎದ್ದುದನ್ನು ಮತ್ತೆ ಬಡಿದಿಳಿಸಬೇಕು, ಇಳಿಯದಿದ್ದರೆ ಅರದಿಂದ ಮಟ್ಟಮಾಡಿ ನೆತ್ತಿಯನ್ನು ದುಂಡಗೆ ತೀಡಬೇಕು. ಹೊಸ ವಾದ್ಯದಲ್ಲಿ ಇದು ನಿಜವಾದ ನಿರ್ಮಾಣದೋಷ. ಅರವನ್ನು ಸೋಕಿಸುವ ಮೊದಲೇ, ಗುರುತುಹಾಕಿದ ಆ ಕಾಗದದೊಡನೆ ವಾದ್ಯವನ್ನು ಮಾರಿದವನಿಗೆ ಹಿಂದಿರುಗಿಸುವುದು ಕೊಂಡವನ ಹಕ್ಕು.

ಕೈಯ ವಿಷಯವನ್ನು ಕಡೆಗಿರಿಸಿದ್ದು ಅದು ಅಲ್ಪವೆಂದಲ್ಲ. ಬೆರಳನ್ನು ಫ್ರೆಟ್ಟಿನ ಬೆನ್ನಿಗೇ, ಅದಕ್ಕೆ ತಾಗುವಷ್ಟು ಸಮೀಪದಲ್ಲಿ ಒತ್ತಬೇಕು. ದೂರದಲ್ಲಿ ಒತ್ತಿದ ತಂತಿಯು ಯಾವ ಉತ್ತಮ ವಾದ್ಯದಲ್ಲಿಯೂ ಗೊಣಗುತ್ತದೆ. ಮೀಟುವಾಗ ತಂತಿಯನ್ನು ಮೈಯ ಕಡೆಗೆ ಒತ್ತಿ ಬಿಟ್ಟರೆ ಅದು ಫ್ರೆಟ್ಟುಗಳತ್ತಲೇ ಓಲಾಡುತ್ತದೆ. ಹಲಗೆಗೆ ಸಮಾನಾಂತರವಾಗಿ ಎಳೆದರೆ ಪಕ್ಕಕ್ಕೆ ಓಲಾಡುತ್ತದೆ. ಬ್ರಿಜ್ಜಿಗೆ ಸಮೀಪವಾಗಿ ಮೀಟಿದಷ್ಟೂ ಓಲಾಟದ ವಿಸ್ತಾರ ಕಿರಿದು. ಕೋಣೆಯ ನಿಶ್ಶಬ್ದದಲ್ಲಿ ಕೇಳಿದ ಝರ್ರೆಂಬ ಸದ್ದು ಧ್ವನಿವರ್ಧಕದಲ್ಲಿ ಕೇಳಿಸದಿದ್ದರೆ ಅದಕ್ಕಾಗಿ ಏನನ್ನೂ ಬದಲಿಸಬೇಕಾದ ಆವಶ್ಯಕತೆಯಿಲ್ಲ. ಪಿಕಪ್ಪು ಗ್ರಹಿಸದ ಸದ್ದು ಸಭಿಕರನ್ನು ಮುಟ್ಟುವುದಿಲ್ಲ. ಆಷಾಢದಲ್ಲಿ ಹೀಗೆ ಹೊಂದಿಸಿದ ವಾದ್ಯದ ಸಂದನ್ನು, ಗಾಳಿಯು ಒಣಗಿದ ಜನವರಿಯಲ್ಲಿ ಅದೇ ವಿಸಿಟಿಂಗ್ ಕಾರ್ಡಿನಿಂದ ಮತ್ತೊಮ್ಮೆ ಅಳೆದು ನೋಡತಕ್ಕದ್ದು. ಆಗ ಕಾಲು ಸುತ್ತು ಅತ್ತಲೋ ಇತ್ತಲೋ ಬೇಕಾಗುವುದು ಈ ಸೀಮೆಯಲ್ಲಿ ವರ್ಷವರ್ಷದ ಮಾತು.